ಹನ್ನೆರಡನೇ ಪುಟ

ಗ್ಯೂಮ್ರಿಯ ಚಳಿಯಲ್ಲಿ ಶಾಯಿಗೂ ನಡುಕ.
ಮುಚ್ಚಿಹೋದ ಅಚ್ಚುಕೂಟದ ಹಿಂದಿನ ಕೋಣೆ,
ಒಂದು ಸೌದೆಒಲೆ, ಏಳೆಂಟು ಕುರ್ಚಿ.
ಮಂಗಳವಾರ ಸಂಜೆ ಬರೆಯುವವರು ಬರುತ್ತಾರೆ,
ಬೂಟಿನ ಹಿಮ ಹೊಸ್ತಿಲಲ್ಲೇ ಕೊಡವಿ,
ಹಟ ಮಾತ್ರ ಕೊಡವದೆ.
ನಾನೂ ಬೇರೆಯವಳಲ್ಲ. ಅದು ಆಮೇಲೆ.

ವರಾಜ್ದಾತ್ ಮೂವತ್ತೊಂದು ವರ್ಷ ರೈಲು ಓಡಿಸಿದವನು.
ಮುನ್ನೂರ ನಲವತ್ತು ಪುಟದ ಕಟ್ಟು ತಂದ,
ಸಕ್ಕರೆ ಚೀಲದ ದಾರದಲ್ಲಿ ಬಿಗಿದು;
ಜ್ವರದ ಕೂಸನ್ನು ಡಾಕ್ಟರ ಮೇಜಿನ ಮೇಲೆ
ಮಲಗಿಸುವ ಹಾಗೆ ಇಟ್ಟ.

ಮೊದಲ ಹನ್ನೊಂದು ಪುಟ ಬೆಳಗಾಗುತ್ತದೆ.
ಬರೀ ಬೆಳಗಾಗುತ್ತದೆ.
ಬೆಟ್ಟಕ್ಕೆ ಬೆಳಗು, ಹಳಿಗೆ ಬೆಳಗು,
ಅಜ್ಜನ ಮೀಸೆಗೆ ಬೆಳಗು.
ಹನ್ನೆರಡರಲ್ಲಿ ಒಬ್ಬ ಹೆಂಗಸು
ಓಡುವ ರೈಲಿನ ಕಿಟಕಿಯಿಂದ
ಬೂಟೊಂದನ್ನು ಎಸೆಯುತ್ತಾಳೆ.
ಒಂದೇ ಬೂಟು.
ಅಲ್ಲಿ ನನ್ನ ಚಹಾ ಆರಿಹೋಯಿತು.

'ಇಲ್ಲಿಂದ ಶುರು ಮಾಡು' ಎಂದೆ.
'ಮುಂಚಿನದೆಲ್ಲ ಕೆಮ್ಮು,
ಹಾಡುವವನು ಗಂಟಲು ಸರಿಮಾಡಿಕೊಳ್ಳುವುದು.'
'ಅದು ನಿನ್ನ ಅಭಿಪ್ರಾಯ.'
'ಇವರು ಆರು ಜನರದೂ ಅದೇ.'
'ಹಾಗಾದರೆ ಏಳು ಅಭಿಪ್ರಾಯ.
ಎಂಜಿನ್ ಬಿಸಿಯಾಗದೆ ಗಾಡಿ ಹೊರಡುವುದಿಲ್ಲ, ಶೋಘಿಕ್ ಜಾನ್.'
'ಅದಕ್ಕೆ ಪ್ರಯಾಣಿಕರನ್ನು ಶೆಡ್ಡಿಗೇ ಕರೆಯುತ್ತೀಯಾ?'
ಅವನು ದಾರ ಬಿಗಿದ. ಎರಡು ಗಂಟು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಬಿಡುವುದು ಸುಲಭ.
ಅವನ ಹೆಗ್ಗಣಕ್ಕೆ ಚೆಂದದ ಕಣ್ಣಿತ್ತು,
ಅದೇ ಕಷ್ಟ.

ಆ ರಾತ್ರಿ ಸಿಟ್ಟಿಗೆ ಬೀಟ್ರೂಟ್ ಕೊಚ್ಚಿದೆ,
ಬೇಕಾದ್ದಕ್ಕಿಂತ ಸಣ್ಣಗೆ.
ಇಪ್ಪತ್ತಾರು ವರ್ಷ ಕರಡು ತಿದ್ದಿದ ಕೈ ಇದು.
ನಮ್ಮ ಅರ್ಮೇನಿಯನ್ನಿನಲ್ಲಿ ವಾಕ್ಯ ನಿಲ್ಲಬೇಕಾದರೆ
ಎರಡು ಚುಕ್ಕಿ ಬೇಕು, ಒಂದರ ಮೇಲೊಂದು;
ಒಂದಕ್ಕೆಲ್ಲ ನಿಲ್ಲುವ ಜನವಲ್ಲ ನಾವು.
ಪ್ರಶ್ನೆಯ ಗುರುತು ಕೊನೆಗೆ ಬರುವುದಿಲ್ಲ,
ಪದದ ಒಳಗೇ, ಸ್ವರದ ನೆತ್ತಿಗೆ ಕೂರುತ್ತದೆ,
ಸಂದೇಹ ಎಲ್ಲಿ ಹುಟ್ಟಿತೋ ಅಲ್ಲೇ.
ನಾನು ಹಾಕಿದವು ಮಾತ್ರ ಯಾವಾಗಲೂ ಅಂಚಿಗೆ,
ಕೆಂಪು ಪೆನ್ಸಿಲಿನಲ್ಲಿ,
ಹೊರಗೆ ನಿಂತು ಬಾಗಿಲು ಬಡಿಯುವವರ ಹಾಗೆ.

ಎರಡು ಚಳಿಗಾಲ ಕಳೆಯಿತು.
ಅವನು ಬಿಡಲಿಲ್ಲ, ಬರುವುದನ್ನೂ, ಬೆಳಗನ್ನೂ.
ಹನ್ನೊಂದು ಹದಿನಾಲ್ಕಾಯಿತು;
ಅಜ್ಜನ ಮೀಸೆಯ ಜೊತೆಗೆ ಈಗ
ಅಜ್ಜನ ನಾಯಿಗೂ ಬೆಳಗಾಯಿತು.
ನಾನು ಹೇಳುವುದು ನಿಲ್ಲಿಸಿ ಒಲೆಗೆ ಸೌದೆ ಒಟ್ಟಿದೆ.
ಇದನ್ನು ತಾಳ್ಮೆ ಅಂದುಕೊಂಡವರಿದ್ದಾರೆ.
ಸುಸ್ತು, ಅಷ್ಟೆ.

ಮೊನ್ನೆ ಬೇಕರಿಯ ನ್ವಾರ್ದ್ ಬಂದಳು,
ಮೊಣಕೈಗೆ ಇನ್ನೂ ಹಿಟ್ಟು.
ಕತೆ ಓದಿದಳು: ನಾಲ್ಕು ಪುಟ ಮಂಜು, ಆಮೇಲೊಂದು ಕಳವು.
ನಾನು ಬಾಯಿ ತೆರೆಯುವ ಮುಂಚೆ
ವರಾಜ್ದಾತ್ ಬಾಗಿ, ಹಾಳೆಗೆ ದಪ್ಪ ಬೆರಳಿಟ್ಟ.
'ಇಲ್ಲಿಂದ ಶುರು ಮಾಡು ಮಗೂ.
ಮುಂಚಿನದೆಲ್ಲ ಕೆಮ್ಮು,
ಹಾಡುವವನು ಗಂಟಲು ಸರಿಮಾಡಿಕೊಳ್ಳುವುದು.'
ನನ್ನತ್ತ ನೋಡಲಿಲ್ಲ.
ಕಿವಿ ಕೆಂಪಗಿತ್ತು; ಒಲೆಯ ಪಕ್ಕ ಕೂತಿದ್ದ,
ಯಾವುದರಿಂದ ಎಂದು ಹೇಳಲಾರೆ.

ಹುಡುಗಿ ಹಾಳೆ ಎಳೆದುಕೊಂಡಳು.
'ನನಗೆ ಮಂಜು ಬೇಕು.'
ಅವಳು ಹೋದ ಮೇಲೆ 'ಕತ್ತೆ' ಎಂದ,
ತನ್ನದೇ ಹಳೆಯ ಫೋಟೋ ಕಂಡವನಂತೆ.
'ಮತ್ತೆ ನಿನ್ನ ಬೆಳಗು?' ಎಂದೆ.
'ಅದು ಬೇರೆ.'

ಬೇರೆಯೇ ಇರಬೇಕು.
ಮನೆಗೆ ಬಂದು ಕೆಳಗಿನ ಖಾನೆ ಎಳೆದೆ.
ನನ್ನ ಒಂದೇ ಕಾದಂಬರಿ, ಮೇಲೆ ಯೆರೆವಾನಿನ
ಸಂಪಾದಕಿ ಹ್ರಿಪ್ಸಿಮೆಯ ಚೀಟಿ, ಹಳದಿಗಟ್ಟಿದೆ:
'ತಾಯಿ ಬಹಳ ಮಾತಾಡುತ್ತಾಳೆ.
ಮೂರನೇ ಅಧ್ಯಾಯಕ್ಕೆ ಅವಳನ್ನು ಮಲಗಿಸು.'
ಸರಿಯಾಗಿಯೇ ಹೇಳಿದ್ದಳು. ಆಗಲೂ ಗೊತ್ತಿತ್ತು.

ಅಮ್ಮ ಒಂಬತ್ತನೇ ಅಧ್ಯಾಯದಲ್ಲಿದ್ದಾಳೆ,
ಏಪ್ರಿಕಾಟ್ ಹೇಗೆ ಒಣಗಿಸಬೇಕೆಂದು
ಇನ್ನೂ ಹೇಳುತ್ತಲೇ ಇದ್ದಾಳೆ.